ಎಡಗಡೆಯ ಮೇಜು

ನಮ್ಮ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಹೆಂಗಸನ್ನು ಎಲ್ಲರೂ ಫಿನಾಯಿಲಕ್ಕ ಎಂದೇ ಕರೆಯುತ್ತಿದ್ದೆವು. ಅದೂ ಎದುರಿಗೇ. ಅವರೂ ಏನು ಕಡಿಮೆ ಇರಲಿಲ್ಲ, ನನ್ನ ಕನ್ನಡಕದ ದಪ್ಪ ನೋಡಿ ನನಗೆ ಸೋಡಾಬುಡ್ಡಿ ಎಂದು ಹೆಸರಿಟ್ಟಿದ್ದರು. ಹಾಗಾಗಿ ಇಬ್ಬರಿಗೂ ದೂರುವುದಕ್ಕೆ ಏನೂ ಇರಲಿಲ್ಲ. ಮನಸ್ಸು ಚೆನ್ನಾಗಿದ್ದಾಗ ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮ ಎನ್ನುತ್ತಿದ್ದರು. ನನ್ನ ಮನಸ್ಸು ಚೆನ್ನಾಗಿರುವ ದಿನಗಳು ಕಡಿಮೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಹೇಳಿ ಏನು ಪ್ರಯೋಜನ?

ನಮ್ಮದು ಸಣ್ಣ ಜಾಗ. ಉದ್ದನೆಯ ಒಂದು ಕೋಣೆ, ಅದರ ಹಿಂದೆ ತೊಳೆಯುವ ಕೋಣೆ, ನಡುವೆ ಒಂದು ಗಾಜಿನ ಕಿಟಕಿ. ಹೊರಗೆ ತಗಡಿನ ಸೂರಿನ ಉಗ್ರಾಣ. ಬೆಳೆಗೆ ಒಳ್ಳೆಯದು ಮಾಡುವ ಮಣ್ಣಿನ ಬ್ಯಾಕ್ಟೀರಿಯಾವನ್ನು ಬೆಳೆಸಿ, ಪುಡಿಯಲ್ಲಿ ಬೆರೆಸಿ, ಪೊಟ್ಟಣ ಕಟ್ಟಿ ಸಸಿ ಬೆಳೆಸುವವರಿಗೆ ಕೊಡುವುದು ನಮ್ಮ ಕೆಲಸ. ಮೆಣಸಿನಕಾಯಿ, ಟೊಮೆಟೊ, ಬದನೆ ಬೀಜಕ್ಕೆ ಈ ಪುಡಿ ಸವರಿ ಬಿತ್ತಿದರೆ ಸಸಿ ಬುಡ ಕೊಳೆತು ಬೀಳುವುದು ಕಡಿಮೆಯಾಗುತ್ತದೆ, ಬೇರು ಸೊಂಪಾಗಿ ಇಳಿಯುತ್ತದೆ. ನಮ್ಮಲ್ಲಿ ಅನೇಕ ಬಗೆಯ ಬ್ಯಾಕ್ಟೀರಿಯಾ ಇದ್ದವು. ಆದರೆ ಜನ ಕೇಳಿಕೊಂಡು ಬರುತ್ತಿದ್ದದ್ದು ಏಳನೇ ನಂಬರಿನದು ಮಾತ್ರ. ಅದನ್ನು ನಾವು ಬರೀ 'ಏಳು' ಎನ್ನುತ್ತಿದ್ದೆವು.

ಏಳನ್ನು ಹುಡುಕಿದ್ದು ಪ್ರಯೋಗಾಲಯದ ಮುಖ್ಯಸ್ಥೆ, ನಮ್ಮ ಮೇಡಂ. ಇಪ್ಪತ್ತು ವರ್ಷದ ಹಿಂದೆ, ಪೂರ್ತಿ ಒಣಗಿ ಹೋಗಿದ್ದ ಒಂದು ಮೆಣಸಿನ ಹೊಲದಲ್ಲಿ ಒಂದೇ ಒಂದು ಗಿಡ ಮಾತ್ರ ಹಸಿರಾಗಿ ನಿಂತಿತ್ತಂತೆ. ಇದಕ್ಕೊಂದಕ್ಕೆ ಯಾಕೆ ರೋಗ ಬಂದಿಲ್ಲ ಎಂದು ಮೇಡಂ ಅದನ್ನು ಬೇರುಸಮೇತ ಕಿತ್ತು ತಂದು, ಬೇರಿಗೆ ಅಂಟಿದ್ದ ಮಣ್ಣನ್ನು ಜಾಲಾಡಿದ್ದರು. ಅಲ್ಲಿ ಸಿಕ್ಕಿದ್ದೇ ಏಳು.

ಫಿನಾಯಿಲಕ್ಕ ನಮ್ಮಲ್ಲಿಗೆ ಬರುವ ಮೊದಲು ಆಸ್ಪತ್ರೆಯೊಂದರಲ್ಲಿ ವಾರ್ಡು ಒರೆಸುತ್ತಿದ್ದರು. ಹದಿನಾಲ್ಕು ವರ್ಷ ಕ್ರಿಮಿ ಕೊಂದ ಕೈ ಅದು. ಸೋಪನ್ನೂ ತೊಳೆದು ಇಡುವ ಪೈಕಿ. ಬಂದ ಮೊದಲ ವಾರವೇ ನಮ್ಮ ಫ್ಲಾಸ್ಕುಗಳನ್ನೆಲ್ಲ ಪಳಪಳ ತೊಳೆದು, ಇರಲಿ ಒಳ್ಳೆಯದು ಎಂದು ಕೊನೆಗೊಮ್ಮೆ ಫಿನಾಯಿಲ್ ನೀರಿನಲ್ಲಿ ಅದ್ದಿ ತೆಗೆದಿದ್ದರು. ಒಂದರಲ್ಲೂ ಏನೂ ಬೆಳೆಯಲಿಲ್ಲ. ಮೂರು ದಿನ ತಲೆ ಕೆರೆದುಕೊಂಡ ಮೇಲೆ ನಾನು ಒಂದು ಫ್ಲಾಸ್ಕನ್ನು ಮೂಸಿ ನೋಡಿದೆ. ಅವತ್ತು ಬಿದ್ದ ಹೆಸರು ಅದು.

ನಾನು ಕೂಗಾಡಿದೆ. ಮೇಡಂ ಕೂಗಾಡಲಿಲ್ಲ. ಅಕ್ಕನನ್ನು ಕೂರಿಸಿಕೊಂಡು ತಮ್ಮ ಮಾತಿನಲ್ಲಿ ವಿವರಿಸಿದರು: "ನೋಡಿ, ಕ್ರಿಮಿ ಎಲ್ಲಾ ಕೆಟ್ಟದ್ದಲ್ಲ. ಇವು ಎಳೆ ಬೇರಿನ ಬಾಗಿಲಲ್ಲಿ ಚಾಪೆ ಹಾಸ್ಕೊಂಡು ಕೂತ್ಬಿಡ್ತವೆ. ರೋಗ ಬಂದ್ರೆ ಅದಕ್ಕೆ ಕೂರೋಕೆ ಜಾಗ ಇರಲ್ಲ, ತಿನ್ನೋಕೆ ಇವು ಬಿಡಲ್ಲ. ಗಿಡ ಗಟ್ಟಿ ಆಗೋವರೆಗೂ ಕಾಯ್ತವೆ." ಅಕ್ಕ ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ, "ಕಾಯ್ತವಾ?" ಎಂದು ಒಂದೇ ಮಾತು ಕೇಳಿ ಎದ್ದು ಹೋದರು. ಅಂದಿನಿಂದ ಅವರು ತೊಳೆದ ಒಂದು ಫ್ಲಾಸ್ಕಿನಲ್ಲೂ ತಪ್ಪು ಹುಡುಕಲು ನನಗೆ ಆಗಲಿಲ್ಲ. ಪ್ರಯತ್ನ ಮಾತ್ರ ಬಿಡಲಿಲ್ಲ.

ಇನ್ನು ಮೇಜಿನ ವಿಷಯ. ಉದ್ದ ಕೋಣೆಯಲ್ಲಿ ಎರಡು ಮೇಜು. ಬಲಗಡೆಯದರ ಮೇಲೆ ಇಟ್ಟದ್ದು ಬದುಕಬೇಕಾದದ್ದು, ಯಾರೂ ಮುಟ್ಟುವಂತಿಲ್ಲ. ಎಡಗಡೆಯದರ ಮೇಲೆ ಇಟ್ಟದ್ದು ಕೆಲಸ ಮುಗಿದದ್ದು, ಅದು ಸಾಯಬೇಕು. ಬ್ಯಾಕ್ಟೀರಿಯಾ ಎಷ್ಟೇ ಒಳ್ಳೆಯದಾಗಿರಲಿ, ಜೀವ ಇರುವಾಗ ಹೊರಗೆ ಚೆಲ್ಲುವಂತಿಲ್ಲ ಎಂಬುದು ನಮ್ಮ ಕಟ್ಟುನಿಟ್ಟು. ಅಕ್ಕ ದಿನಾ ಹನ್ನೊಂದು ಗಂಟೆಗೆ ಎಡಗಡೆಯ ಮೇಜಿನ ಮೇಲಿದ್ದ ಟ್ಯೂಬು, ಫ್ಲಾಸ್ಕುಗಳನ್ನೆಲ್ಲ ತಂತಿಬುಟ್ಟಿಗೆ ತುಂಬಿ ತೊಳೆಯುವ ಕೋಣೆಯ ದೊಡ್ಡ ಕುಕ್ಕರಿಗೆ ಹಾಕುತ್ತಿದ್ದರು. ಅದಕ್ಕೆ ಬೇರೆ ಹೆಸರಿದೆ, ನಾವು ಕುಕ್ಕರ್ ಎನ್ನುತ್ತಿದ್ದೆವು. ಹಬೆಯ ಒತ್ತಡದಲ್ಲಿ ಇಪ್ಪತ್ತು ನಿಮಿಷ ಬೆಂದರೆ ಒಳಗಿದ್ದ ಯಾವ ಜೀವವೂ ಉಳಿಯುವುದಿಲ್ಲ. ಚೀಟಿ ಓದುವ ಕೆಲಸ ಅಕ್ಕನದಲ್ಲ, ಅವರು ಅಕ್ಷರ ಕೂಡಿಸಿ ಕೂಡಿಸಿ ಓದುವವರು. ಅವರಿಗೆ ಎಡ ಎಂದರೆ ಎಡ, ಬಲ ಎಂದರೆ ಬಲ.

ಹನ್ನೊಂದು ವರ್ಷ ಹೀಗೇ ನಡೆಯಿತು. ಅಷ್ಟೂ ವರ್ಷ ಅವರು ತಾತ್ಕಾಲಿಕ. ನಮ್ಮ ಹಾಜರಿ ಪುಸ್ತಕದಲ್ಲಿ ಕಾಯಂ ನೌಕರರ ಹೆಸರು ಮೊದಲ ಪುಟದಲ್ಲಿ ಇಂಕಿನಲ್ಲಿರುತ್ತದೆ. ತಾತ್ಕಾಲಿಕದವರ ಹೆಸರು ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ, ಯಾವಾಗ ಬೇಕಾದರೂ ಅಳಿಸಲಿ ಎಂದು. ಆ ವರ್ಷ ಅಕ್ಕನನ್ನು ಕಾಯಂ ಮಾಡುವ ಫೈಲು ಕೊನೆಗೂ ಮೇಲಿನ ಕಚೇರಿಗೆ ಹೋಗಿತ್ತು. ಆ ವರ್ಷ ಆಗದಿದ್ದರೆ ವಯಸ್ಸು ಮೀರಿ ಮತ್ತೆಂದೂ ಆಗುವಂತಿರಲಿಲ್ಲ. ಅವರ ಯಜಮಾನರು ಬಸ್ಸು ರಿಪೇರಿ ಮಾಡುತ್ತಿದ್ದವರು, ಮಂಡಿ ಕೈಕೊಟ್ಟು ಮನೆಯಲ್ಲಿದ್ದರು. "ಇಂಕಿನಲ್ಲಿ ಒಂದ್ಸಲ ಹೆಸರು ನೋಡ್ಬಿಟ್ರೆ ಸಾಕಪ್ಪಾ," ಎಂದು ಅಕ್ಕ ವಾರಕ್ಕೆರಡು ಸಲ ಹೇಳುತ್ತಿದ್ದರು. ನಾನು, "ಇಂಕನ್ನೂ ತೊಳೆದುಬಿಟ್ಟೀರಿ, ಹುಷಾರು," ಎಂದು ಛೇಡಿಸುತ್ತಿದ್ದೆ.

ಆಮೇಲೆ ಆ ಮಂಗಳವಾರ ಬಂತು.

ಏಳನೇ ನಂಬರಿನ ತಾಯಿ ಟ್ಯೂಬುಗಳು ಎರಡು ಫ್ರಿಜ್ಜುಗಳಲ್ಲಿ ಬೇರೆ ಬೇರೆ ಇರಬೇಕು. ಪ್ರತಿ ವರ್ಷದ ಪುಡಿಯೂ ಆ ಟ್ಯೂಬುಗಳಿಂದಲೇ ಶುರು. ಒಂದು ಫ್ರಿಜ್ಜು ಕೆಟ್ಟಿದ್ದರಿಂದ ನಾನು ಎಲ್ಲವನ್ನೂ ಒಂದೇ ಸ್ಟ್ಯಾಂಡಿಗೆ ಸೇರಿಸಿದ್ದೆ. ದೂರದ ದೊಡ್ಡ ಸಂಸ್ಥೆಗೊಂದು ಪ್ರತಿ ಕಳಿಸಿ ಇಡಿಸಿ ಎಂದು ಮೇಡಂ ಎರಡು ವರ್ಷದಿಂದ ಹೇಳುತ್ತಿದ್ದರು. ಅದರ ಅರ್ಜಿ ನನ್ನ ಡ್ರಾಯರಿನಲ್ಲಿ ಅರ್ಧ ತುಂಬಿ ಮಲಗಿತ್ತು. ಅಂದು ಹಳೆ ಟ್ಯೂಬುಗಳಿಂದ ಹೊಸ ಟ್ಯೂಬುಗಳಿಗೆ ಬ್ಯಾಕ್ಟೀರಿಯಾ ದಾಟಿಸೋಣ ಎಂದು ಸ್ಟ್ಯಾಂಡನ್ನು ಹೊರತೆಗೆದೆ. ಅಷ್ಟರಲ್ಲಿ ಮನೆಯಿಂದ ಫೋನು. ನಲ್ಲಿ ಕಿತ್ತುಬಂದು ಅಡುಗೆಮನೆ ತುಂಬ ನೀರು ಎಂದು ಹೆಂಡತಿ ಕೂಗುತ್ತಿದ್ದಳು. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಸ್ಟ್ಯಾಂಡು. ಇಟ್ಟೆ, ಹೊರಗೆ ಹೋದೆ, ಕೊಳಾಯಿಯವನನ್ನು ಹುಡುಕಿ ಕಳಿಸಿದೆ.

ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡುತ್ತೇನೆ, ಬಲಗಡೆಯ ಮೇಜು ಖಾಲಿ. ಕಿಟಕಿಯ ಆಚೆ ಕುಕ್ಕರು ಬುಸುಗುಡುತ್ತಿತ್ತು.

"ಏನ್ ಹಾಕಿದ್ರೀ ಅದರೊಳಗೆ?" ಎಂದು ಓಡಿದೆ.

"ಎಡಗಡೆ ಇದ್ದಿದ್ದು," ಎಂದರು ಅಕ್ಕ. "ಹೊಸದಕ್ಕೆ ದಾಟಿಸಿ ಆಯ್ತೇನೋ, ಹಳೇದು ಇಟ್ಟಿದೀಯ ಅನ್ಕೊಂಡೆ."

"ತಾಯಿ ಟ್ಯೂಬು ಕಣ್ರೀ ಅವು! ಇಪ್ಪತ್ತು ವರ್ಷದ್ದು! ಕಣ್ಣು ಕಾಣ್ಸಲ್ವಾ ನಿಮಗೆ?"

ಸೋಡಾಬುಡ್ಡಿ ಹಾಕಿಕೊಂಡವನು ಕೇಳುವ ಪ್ರಶ್ನೆಯೇ ಅದು! ಕೂಗು ಕೇಳಿ ಮೇಡಂ ಬಂದರು. ಮುಚ್ಚಳ ತೆರೆಯುವಷ್ಟು ಹಬೆ ಇಳಿಯುವವರೆಗೂ ಮೂವರೂ ಅಲ್ಲೇ ನಿಂತಿದ್ದೆವು. ಟ್ಯೂಬುಗಳೊಳಗೆ ಬ್ಯಾಕ್ಟೀರಿಯಾ ಕೂತಿದ್ದ ಗಟ್ಟಿ ಪಾಕ ಕರಗಿ ನೀರಾಗಿತ್ತು. ಮೇಡಂ ಒಂದನ್ನು ಬೆಳಕಿಗೆ ಹಿಡಿದು ನೋಡಿ ಮೆಲ್ಲಗೆ ಕೆಳಗಿಟ್ಟರು.

"ಎಡಗಡೆ ಯಾರು ಇಟ್ರು?" ಎಂದು ಕೇಳಿದರು.

"ನಾನು ಬಲಗಡೇನೇ ಇಟ್ಟಿದ್ದೆ ಮೇಡಂ," ಎಂದೆ.

ಆ ಮಾತು ಬಾಯಿಂದ ಬಂದ ಕ್ಷಣದಲ್ಲೇ ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಫೋನು ಬಲಗೈಯಲ್ಲಿತ್ತು, ಸ್ಟ್ಯಾಂಡು ಎಡಗೈಯಲ್ಲಿತ್ತು, ಹತ್ತಿರ ಇದ್ದದ್ದು ಎಡ ಮೇಜು. ಅಕ್ಕ ನನ್ನ ಮುಖವನ್ನೊಮ್ಮೆ ನೋಡಿದರು. "ಎಡಗಡೆ ಇತ್ತು ಮೇಡಂ," ಎಂದು ಒಂದೇ ಸಲ ಹೇಳಿ ಬಾಯಿ ಮುಚ್ಚಿಕೊಂಡರು. ಬಿಸಿ ಟ್ಯೂಬುಗಳನ್ನು ಒಂದೊಂದಾಗಿ ತೊಳೆಯತೊಡಗಿದರು.

ಸಂಜೆಯ ಹೊತ್ತಿಗೆ ಕಚೇರಿಯ ಹೆಡ್ ಗುಮಾಸ್ತರು ಟಿಪ್ಪಣಿ ಬರೆದಾಗಿತ್ತು: ತಾತ್ಕಾಲಿಕ ನೌಕರಳ ಅಜಾಗರೂಕತೆಯಿಂದ ನಷ್ಟ. ಕಾಯಂ ಮಾಡುವ ಫೈಲು ಅಲ್ಲಿಗೇ ನಿಂತಿತು. ನಾನು ಆ ಟಿಪ್ಪಣಿಯನ್ನು ನೋಡಿದೆ. ನೋಡಿ, ಕನ್ನಡಕ ಒರೆಸಿಕೊಂಡು ಹಾಕಿಕೊಂಡೆ. ಅಷ್ಟೇ ಮಾಡಿದ್ದು ನಾನು.

ಮುಂದಿನ ಹತ್ತು ದಿನ ಏಳನ್ನು ಹುಡುಕುವುದರಲ್ಲೇ ಕಳೆಯಿತು. ಹಿಂದಿನ ಸಲದ ಪೊಟ್ಟಣಗಳು ತಗಡಿನ ಸೂರಿನ ಕೆಳಗೆ ಆರು ತಿಂಗಳು ಕಾದು ಸತ್ತು ಹೋಗಿದ್ದವು. ಸಸಿ ಕೊಂಡೊಯ್ದಿದ್ದ ಮೂರು ಹೊಲಗಳ ಮಣ್ಣು ತರಿಸಿದೆವು. ಬೆಳೆ ಕಿತ್ತು, ಉತ್ತು, ಬಿಸಿಲಿಗೆ ಬಿಟ್ಟ ಮಣ್ಣು ಅದು, ಏನೂ ಸಿಗಲಿಲ್ಲ. ಸಸಿ ಬೆಳೆಸುವವರ ಫೋನು ಶುರುವಾಗಿತ್ತು, ಬಿತ್ತನೆಗೆ ಒಂದೂವರೆ ತಿಂಗಳು ಉಳಿದಿತ್ತು. ಮೇಡಂ ಮಧ್ಯಾಹ್ನದ ಡಬ್ಬಿ ತೆರೆಯುವುದನ್ನೇ ಬಿಟ್ಟರು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಹನ್ನೊಂದನೆಯ ದಿನ, ಟೀ ಹೊತ್ತಿಗೆ, ಅಕ್ಕ ಮೇಡಂ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಲೇ ಇದ್ದರು. ನಾನು ಅಲ್ಲೇ ಇದ್ದೆ.

"ಮೇಡಂ, ಒಂದ್ ಮಾತು. ಬೈಬೇಡಿ ಅನ್ನಲ್ಲ, ಬೈರಿ. ಆದ್ರೆ ಮೊದ್ಲು ಪೂರ್ತಿ ಕೇಳಿ."

"ಹೇಳಿ."

"ನಿಮ್ಮ ಏಳು ನಮ್ಮ ಮನೆ ತಾರಸಿ ಮೇಲೆ ಇದ್ರೂ ಇರಬೌದು."

ಮೇಡಂ ಕಪ್ಪು ಕೆಳಗಿಟ್ಟರು.

ಅಕ್ಕ ಹೇಳಿದ್ದಿಷ್ಟು. ಏಳನ್ನು ಬೆಳೆಸಿದ ದೊಡ್ಡ ಫ್ಲಾಸ್ಕುಗಳ ತಳದಲ್ಲಿ ಸ್ವಲ್ಪ ಗಂಜಿಯಂಥ ನೀರು ಉಳಿಯುತ್ತದಲ್ಲ, ಅದನ್ನೂ ಕುಕ್ಕರಿಗೆ ಹಾಕಿ ಕೊಲ್ಲಬೇಕು. ಹಾಕುತ್ತಿದ್ದರು, ಎಲ್ಲವನ್ನೂ ಅಲ್ಲ. ಪುಡಿ ಮಾಡುವ ತಿಂಗಳುಗಳಲ್ಲಿ ವಾರಕ್ಕೊಂದು ಸಣ್ಣ ಬಾಟಲಿ ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ದು ತಾರಸಿಯ ಟೊಮೆಟೊ ಗಿಡಗಳ ಬುಡಕ್ಕೆ ಹಾಕುತ್ತಿದ್ದರು. ಮೂರು ವರ್ಷದಿಂದ.

"ಇದು ಹೊರಗೆ ಗೊತ್ತಾದ್ರೆ ಕಾಯಂ ಇರಲಿ, ಇರೋ ಕೆಲ್ಸಾನೂ ಹೋಗತ್ತೆ. ಗೊತ್ತಾ ನಿಮಗೆ?" ಎಂದರು ಮೇಡಂ.

"ಗೊತ್ತಿರೋದಕ್ಕೇ ಹತ್ತು ದಿನ ಬಾಯಿ ಬಿಡ್ಲಿಲ್ಲ ಮೇಡಂ. ನೀವು ಊಟ ಬಿಟ್ಟಿದ್ದು ನೋಡಕ್ಕಾಗ್ಲಿಲ್ಲ."

"ಯಾಕೆ ಮಾಡಿದ್ರಿ? ಕ್ರಿಮಿ ಕಂಡ್ರೆ ಆಗದ ನಿಮ್ಮಂಥೋರು?"

"ನನ್ನ ಕೂಸು ಒಂಬತ್ತು ದಿನ ಇತ್ತು. ಹೊಕ್ಕುಳಿಗೆ ನಂಜಾಯ್ತು, ಹೋಯ್ತು. ಆ ಕೋಪಕ್ಕೇ ಆಸ್ಪತ್ರೆ ಕೆಲ್ಸಕ್ಕೆ ಸೇರಿದ್ದು, ಒಂದು ಕ್ರಿಮೀನೂ ಬಿಡಲ್ಲ ಅಂತ. ಇಲ್ಲಿ ಬಂದ್ರೆ ನೀವು ಹೇಳಿದ್ರಿ, ಇವು ಎಳೇದನ್ನ ಕಾಯ್ತವೆ ಅಂತ. ದಿನಾ ಬೇಯಿಸ್ತೀನಿ, ನಿಯಮ ಅಂದ್ರೆ ನಿಯಮ. ಆದ್ರೆ ಕಾಯೋವನ್ನ ಎಲ್ಲಾನೂ ಹೆಂಗ್ ಸಾಯಿಸ್ಲಿ ಮೇಡಂ? ನನ್ನ ಕೂಸಿಗೆ ಕಾಯೋಕೆ ಏನೂ ಇರ್ಲಿಲ್ಲ."

ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದ್ದೆ ನಾನು. ಅವರ ಹೆಸರನ್ನು ಹಿಡಿದು ತಮಾಷೆ ಮಾಡಿದ್ದೆನೇ ಹೊರತು ಇದನ್ನು ಒಂದು ದಿನವೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಮೇಡಂ ಎದ್ದು ಚೀಲ, ಕರಣೆ ತೆಗೆದುಕೊಂಡರು. ಮೂವರೂ ಹೋದೆವು. ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಕನ್ನಡಿಯಂಥ ನೆಲ. ಚಪ್ಪಲಿ ಬಿಟ್ಟ ಮೇಲೂ ಕಾಲಿಡಲು ಹೆದರಿಕೆಯಾಗುತ್ತಿತ್ತು. ಯಜಮಾನರು ಕುರ್ಚಿಯಿಂದಲೇ, "ಕಾಲು ತೊಳ್ಕೊಂಡೇ ಬನ್ನಿಯಪ್ಪಾ, ಆಮೇಲೆ ನನಗೆ ಬೈತಾಳೆ," ಎಂದರು. ಅಲ್ಲಿಂದ ಕಬ್ಬಿಣದ ಏಣಿ ಹತ್ತಿದರೆ ತಾರಸಿ. ಹಳೆ ಪೇಂಟಿನ ಡಬ್ಬಗಳಲ್ಲಿ ಎಂಟು ಟೊಮೆಟೊ ಗಿಡ, ನನ್ನ ಎದೆಮಟ್ಟ ಬೆಳೆದು ಕಾಯಿ ಇಳಿಬಿಟ್ಟಿದ್ದವು. ಪಕ್ಕದ ಮನೆಯವರದೂ ನಾಲ್ಕು ಡಬ್ಬ ಇದ್ದವು, ಅದೇ ಮಣ್ಣು, ಅದೇ ಬಿಸಿಲು. ಅವುಗಳಲ್ಲಿ ಎರಡು ಬುಡ ಕಪ್ಪಾಗಿ ಒರಗಿಕೊಂಡಿದ್ದವು.

"ಏನ್ ಹಾಕ್ತೀರಿ ಅಂತ ಅವರು ದಿನಾ ಕೇಳ್ತಾರೆ," ಎಂದರು ಅಕ್ಕ. "ತೊಳೆದ ನೀರು ಅಂತೀನಿ. ಸುಳ್ಳಲ್ವಲ್ಲ."

ಮೇಡಂ ಒಂದು ಗಿಡವನ್ನು ಬೇರುಸಮೇತ ಕಿತ್ತರು. ಬೇರು ಬೆಳ್ಳಗೆ, ದಟ್ಟವಾಗಿ ಡಬ್ಬದ ಆಕಾರಕ್ಕೇ ಹೆಣೆದುಕೊಂಡಿತ್ತು.

ಆ ಬೇರಿನಲ್ಲಿ ನೂರೆಂಟು ಬಗೆಯ ಬ್ಯಾಕ್ಟೀರಿಯಾ ಇರುತ್ತದೆ, ನಮ್ಮದು ಯಾವುದು ಎಂದು ಹೇಗೆ ಗೊತ್ತಾಗಬೇಕು? ಅದಕ್ಕೊಂದು ಉಪಾಯವಿತ್ತು. ಹೊಲದಲ್ಲಿ ಗುರುತು ಹಿಡಿಯಲೆಂದು ಮೇಡಂ ಏಳನ್ನು ಒಂದು ಮದ್ದಿಗೆ ಒಗ್ಗಿಸಿಟ್ಟಿದ್ದರು. ಆ ಮದ್ದು ಬೆರೆಸಿದ ಪಾಕದ ಗಾಜಿನ ತಟ್ಟೆಯಲ್ಲಿ ಮಣ್ಣಿನ ಬೇರೆ ಬ್ಯಾಕ್ಟೀರಿಯಾ ಏಳುವುದಿಲ್ಲ, ಏಳು ಏಳುತ್ತದೆ. ಜೊತೆಗೆ, ಕತ್ತಲಲ್ಲಿ ನೇರಳೆ ದೀಪ ಹಿಡಿದರೆ ಅದು ಹಸಿರಾಗಿ ಹೊಳೆಯುತ್ತದೆ. ಬೇರಿನ ಮಣ್ಣನ್ನು ನೀರಲ್ಲಿ ಅಲುಗಿಸಿ, ತೆಳುಮಾಡಿ, ಹನ್ನೆರಡು ತಟ್ಟೆಗೆ ಸವರಿ ಇಟ್ಟೆವು. ಎರಡು ದಿನ ಕಾಯಬೇಕು. ಆ ಎರಡು ದಿನ ನಾನು ಯಾರ ಮೇಲೂ ಕೂಗಾಡಲಿಲ್ಲ. ಮೈ ಸರಿ ಇಲ್ಲವೇ ಎಂದು ಹೆಂಡತಿ ಕೇಳಿದಳು.

ಮೂರನೆಯ ದಿನ ಬೆಳಿಗ್ಗೆ ಮೇಡಂ ಅಕ್ಕನನ್ನೂ ಒಳಗೆ ಕರೆದು, ಪರದೆ ಎಳೆದು, ದೀಪ ಆರಿಸಿದರು. ನೇರಳೆ ದೀಪದ ಕೆಳಗೆ ನಾನು ತಟ್ಟೆಗಳನ್ನು ಒಂದೊಂದಾಗಿ ಹಿಡಿದೆ. ಮೊದಲನೆಯದು ಖಾಲಿ. ಎರಡನೆಯದೂ ಖಾಲಿ. ಮೂರನೆಯದರಲ್ಲಿ ಐದು ಚುಕ್ಕೆ, ಎಳೆ ನಿಂಬೆಕಾಯಿಯ ಬಣ್ಣಕ್ಕೆ ಹೊಳೆಯುತ್ತಿದ್ದವು. ಆರನೆಯದರಲ್ಲಿ ಹದಿನೇಳು.

ಮೇಡಂ ಕುರ್ಚಿ ಹುಡುಕಿ ಕೂತುಬಿಟ್ಟರು. ಅಕ್ಕ ತಟ್ಟೆಯ ಹತ್ತಿರ ಬಗ್ಗಿದರು.

"ಅಯ್ಯೋ, ಇಷ್ಟು ಚಂದ ಇದ್ವಾ ಇವು!"

ಹನ್ನೊಂದು ವರ್ಷದಲ್ಲಿ ಅವರಿಗೆ ಯಾರೂ ಇದನ್ನು ತೋರಿಸಿರಲಿಲ್ಲ. ಅವರ ಕೈಗೆ ಬರುವಾಗ ಎಲ್ಲ ಮುಗಿದ ಟ್ಯೂಬುಗಳೇ ಬರುತ್ತಿದ್ದವು.

ರೋಗದ ಬೂಷ್ಟಿನ ಎದುರಿಗೆ ಇಟ್ಟು ಇನ್ನೊಂದು ಪರೀಕ್ಷೆ ಮಾಡಿದೆವು. ಬೂಷ್ಟು ಬೆಳೆಯುತ್ತಾ ಬಂದು ಈ ಬ್ಯಾಕ್ಟೀರಿಯಾದಿಂದ ಒಂದು ಬೆರಳಿನಷ್ಟು ದೂರದಲ್ಲೇ ನಿಂತಿತು. ಏಳೇ ಹೌದು. ಮೇಡಂ ರಿಜಿಸ್ಟರಿನಲ್ಲಿ ಅದನ್ನು 'ಏಳು-ಫಿ' ಎಂದು ಬರೆದುಕೊಂಡರು. ಎಲ್ಲಿಂದ ಬಂದದ್ದು ಎಂಬ ಕಾಲಮ್ಮಿನಲ್ಲಿ ಅಕ್ಕನ ಮನೆಯ ತಾರಸಿ, ಟೊಮೆಟೊ ಬೇರು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದರು. ಮುಚ್ಚಿಡಿ ಎಂದು ಅಕ್ಕನೂ ಕೇಳಲಿಲ್ಲ.

ವಾರದೊಳಗೆ ಕಚೇರಿಯಿಂದ ನೋಟೀಸು ಬಂತು. ತಾಯಿ ಟ್ಯೂಬು ಕೊಂದದ್ದಕ್ಕೆ ಒಂದು ಪ್ರಶ್ನೆ, ಜೀವವಿರುವ ಬ್ಯಾಕ್ಟೀರಿಯಾ ಮನೆಗೆ ಒಯ್ದದ್ದಕ್ಕೆ ಒಂದು ಪ್ರಶ್ನೆ. ಮೂರು ದಿನದಲ್ಲಿ ಬರಹದಲ್ಲಿ ಉತ್ತರ ಕೊಡಬೇಕು, ಇಲ್ಲವಾದರೆ ಕೆಲಸದಿಂದ ತೆಗೆಯಲಾಗುವುದು. ಅಕ್ಕ ಆ ಕಾಗದ ಹಿಡಿದುಕೊಂಡು, ಬೇರೆ ಯಾರೂ ಸಿಗದವರ ಹಾಗೆ, ನನ್ನ ಹತ್ತಿರವೇ ಬಂದರು.

"ನೀನು ಚೆನ್ನಾಗಿ ಬರೀತೀಯಲ್ಲ ತಮ್ಮಾ. ನಾನು ಹೇಳ್ತೀನಿ, ನೀನು ಬರಿ."

ತೊಳೆಯುವ ಕೋಣೆಯ ಸ್ಟೂಲಿನ ಮೇಲೆ ಕೂತು ಬರೆದೆ. ಮನೆಗೆ ಒಯ್ದದ್ದು ನಿಜ, ತಪ್ಪು, ಇನ್ನು ಮಾಡುವುದಿಲ್ಲ ಎಂದರು. ಬರೆದೆ. ಟ್ಯೂಬು ಕುಕ್ಕರಿಗೆ ಹಾಕಿದ್ದು ನಿಜ, ತಪ್ಪು ಎಂದರು. ಪೆನ್ನು ನಿಂತಿತು. ಆಮೇಲೆ ನಾನು ಬೇರೆಯೇ ಒಂದು ವಾಕ್ಯ ಬರೆದು ಕಾಗದವನ್ನು ಅವರ ಕಡೆ ತಿರುಗಿಸಿದೆ. ಅವರು ಬೆರಳಿಟ್ಟು ಅಕ್ಷರ ಕೂಡಿಸಿದರು: "ಸ್ಟ್ಯಾಂಡನ್ನು... ಎಡಗಡೆಯ... ಮೇಜಿನ ಮೇಲೆ... ಇಟ್ಟವನು... ನಾನು." ಅದರ ಕೆಳಗೆ ನನ್ನ ಸಹಿ ಇತ್ತು.

"ಇದು ನಾನು ಹೇಳ್ಲಿಲ್ವಲ್ಲ," ಎಂದರು.

"ನಾನು ಹೇಳ್ತಿದೀನಿ ಅಕ್ಕಾ. ಅವತ್ತೇ ಹೇಳಬೇಕಿತ್ತು."

ಅವರು ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿ ತೋರಿಸಿದರು. ಗಾಜಿನ ಆಚೆ ಎಡಗಡೆಯ ಮೇಜು ಪೂರ್ತಿ ಕಾಣುತ್ತಿತ್ತು.

"ಗೊತ್ತಿತ್ತು ಕಣೋ. ನೀನು ಫೋನ್ ಹಿಡ್ಕೊಂಡು ಇಟ್ಟಿದ್ದು ನೋಡಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ, ಒಂದ್ಸಲ. ಆಮೇಲೆ ಹೇಳಿ ಏನ್ ಮಾಡ್ಲಿ?" ಅವರ ದನಿಯಲ್ಲಿ ಕೋಪ ಇರಲಿಲ್ಲ. "ಯಾರನ್ನ ನಂಬ್ತಿದ್ರು? ಇಂಕಿನ ಹೆಸರನ್ನಾ, ಪೆನ್ಸಿಲ್ ಹೆಸರನ್ನಾ?"

ಕಾಗದ ತೆಗೆದುಕೊಂಡು ನಾನೇ ಮೇಡಂಗೆ ಕೊಟ್ಟೆ. ಅವರು ಓದಿದರು, ಅದರ ಜೊತೆ ತಮ್ಮದೂ ಒಂದು ಪತ್ರ ಸೇರಿಸಿ ಕಳಿಸಿದರು. ಕಚೇರಿಯಿಂದ ನನಗೊಂದು ಎಚ್ಚರಿಕೆ ಪತ್ರ ಬಂತು, ಅಕ್ಕನಿಗೂ ಒಂದು ಬಂತು. ನಿಂತ ಫೈಲು ಕುಂಟುತ್ತಾ ಹೊರಟು, ವರ್ಷ ಮುಗಿಯಲು ಹನ್ನೆರಡು ದಿನ ಇರುವಾಗ ಕಾಯಂ ಆದೇಶವಾಗಿ ಬಂದು ಸೇರಿತು. ಅಷ್ಟರಲ್ಲಿ ಏಳು-ಫಿ ಪೊಟ್ಟಣಗಳು ಸಸಿ ಮನೆಗಳಿಗೆ ಹೋಗಿಯಾಗಿತ್ತು. ಮೊದಲ ಪೊಟ್ಟಣವನ್ನು ಅಕ್ಕನ ಪಕ್ಕದ ಮನೆಯವರಿಗೆ ಮೇಡಂ ತಾವೇ ಕಳಿಸಿಕೊಟ್ಟಿದ್ದರು.

ಹೆಡ್ ಗುಮಾಸ್ತರು ಹಾಜರಿ ಪುಸ್ತಕ ತಂದು ಮೊದಲ ಪುಟದಲ್ಲಿ, ನನ್ನ ಹೆಸರಿನ ಕೆಳಗೆ, ಅಕ್ಕನ ಹೆಸರನ್ನು ಇಂಕಿನಲ್ಲಿ ಬರೆದರು. ಅಕ್ಕ ಕೈಯನ್ನು ಎರಡು ಸಲ ಒರೆಸಿಕೊಂಡು ಬಂದು ನೋಡಿದರು, ಆದರೆ ಮುಟ್ಟಲಿಲ್ಲ. ಆಮೇಲೆ ಕೊನೆಯ ಪುಟ ತಿರುಗಿಸಿ, ಅಳಿಸಲು ಹೊರಟಿದ್ದ ನನ್ನ ಕೈಯಿಂದ ರಬ್ಬರು ಕಿತ್ತುಕೊಂಡು, ಹನ್ನೊಂದು ವರ್ಷದ ಪೆನ್ಸಿಲ್ ಹೆಸರನ್ನು ಉಜ್ಜತೊಡಗಿದರು. ಅಳಿಸಿ, ಊದಿ, ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಗುರುತು ಉಳಿದಲ್ಲಿ ಮತ್ತೆ ಉಜ್ಜಿದರು.

"ಸಾಕು ಬಿಡಿ ಅಕ್ಕಾ, ಹರಿದೀತು," ಎಂದೆ.

"ಸುಮ್ನಿರೋ," ಎಂದರು. "ಹನ್ನೊಂದು ಗಂಟೆ ಆಗ್ತಾ ಬಂತು. ಹೋಗು, ಎಡಗಡೆ ಏನೇನಿದೆ ನೋಡ್ಕೊಂಡು ಬಾ, ಕುಕ್ಕರ್ ಇಡ್ಬೇಕು."

ನಾನು ಹೋಗಿ ಒಂದೊಂದು ಟ್ಯೂಬಿನ ಚೀಟಿಯನ್ನೂ ಓದಿ ಬಂದೆ.